ಹತ್ತೂವರೆಗೆ ಬರುವ ಹಿರಿಯರು

ವಯಸ್ಸಾದವರ ಬಗ್ಗೆ ನಮ್ಮಲ್ಲಿ ನಡೆಯುವ ಮಾತು ಹೆಚ್ಚಾಗಿ ಎರಡೇ ಜಾಡಿನಲ್ಲಿ ಸಾಗುತ್ತದೆ. ಅವರನ್ನು ಯಾರು ನೋಡಿಕೊಳ್ಳಬೇಕು ಎಂಬುದು ಒಂದು. ಮಾತ್ರೆ, ಆಸ್ಪತ್ರೆ, ಪಿಂಚಣಿ, ಆಸ್ತಿ ಭಾಗ, ದೂರದ ಊರಿನಲ್ಲಿರುವ ಮಗ, ವೃದ್ಧಾಶ್ರಮ ಎಲ್ಲವೂ ಈ ಜಾಡಿನವು. 2007ರಲ್ಲಿ ಸಂಸತ್ತು ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಕಾಯ್ದೆಯನ್ನೇ ಮಾಡಬೇಕಾಯಿತು ಎಂದಮೇಲೆ ಈ ಮಾತಿನ ತುರ್ತನ್ನು ಯಾರೂ ಅಲ್ಲಗಳೆಯಲಾರರು. ಅವರಿಂದ ನಾವು ಏನು ಪಡೆಯಬೇಕು ಎಂಬುದು ಇನ್ನೊಂದು: ಆಶೀರ್ವಾದ, ಅನುಭವ, ಬುದ್ಧಿಮಾತು, ಸಂಸ್ಕಾರ. ಎರಡೂ ಬೇಕಾದವೇ. ಆದರೆ ಇವೆರಡರ ನಡುವೆ ಒಂದು ಸಂಗತಿ ನಮ್ಮ ಕೈತಪ್ಪಿ ಹೋಗಿದೆ. ವಯಸ್ಸಾದವರೊಬ್ಬರ ಜೊತೆ ಇರುವುದೇ ಒಂದು ಸುಖ. ಹಬ್ಬದ ದಿನವಲ್ಲ, ಭಾನುವಾರವಲ್ಲ. ಮಾಡಿ ಮುಗಿಸಬೇಕಾದ ಕೆಲಸ ಮುಂದೆ ಇರುವ ಯಾವುದೋ ಮಂಗಳವಾರದ ಬೆಳಿಗ್ಗೆ, ಕೊಡುವುದೂ ಪಡೆಯುವುದೂ ಇಲ್ಲದೆ, ಅವರು ಪಕ್ಕದಲ್ಲಿದ್ದಾರೆ ಎಂಬ ಅಷ್ಟಕ್ಕೇ ದಿನ ಹದವಾಗುತ್ತದೆ.

ಈ ಸುಖವನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ದುಡಿಯುವ ವಯಸ್ಸಿನವರಿಗೆ ಇದು ಊಟ, ನಿದ್ದೆಗಳಷ್ಟೇ ಸಹಜವಾದ ಅಗತ್ಯ ಎಂಬುದು ನನ್ನ ವಾದ. ಅದು ಇಲ್ಲದಂತೆ ನಮ್ಮ ದಿನಗಳನ್ನು ಕಟ್ಟಿಕೊಂಡವರು ನಾವೇ. ಬೇಕೆಂದರೆ ಮತ್ತೆ ಬೇರೆ ರೀತಿ ಕಟ್ಟಿಕೊಳ್ಳಲೂಬಹುದು.

ಎಲ್ಲ ವಯಸ್ಸಿನವರೂ ದುಡಿಮೆಯ ಹೊತ್ತಿನಲ್ಲಿ ಒಂದೆಡೆ ಇರುವುದು ನಮಗೇನೂ ಹೊಸದಲ್ಲ. ಮಲೆನಾಡಿನ ಅಡಿಕೆ ಸುಗ್ಗಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಯ್ದ ಹಸಿ ಅಡಿಕೆಯನ್ನು ಹೆಚ್ಚು ದಿನ ಇಡುವಂತಿಲ್ಲ. ಸುಲಿದು, ಚೊಗರಿನಲ್ಲಿ ಬೇಯಿಸಿ, ಬಿಸಿಲಿಗೆ ಹಾಕಬೇಕು. ಹಾಗಾಗಿ ರಾತ್ರಿ ಬಹಳ ಹೊತ್ತಿನವರೆಗೂ ಅಂಗಳದಲ್ಲಿ ಮೆಟ್ಟುಗತ್ತಿಗಳ ಸಾಲು. ಹದಿನೆಂಟರ ಹುಡುಗಿ, ಅವಳ ತಾಯಿ, ಆಚೆ ಮನೆಯ ಎಪ್ಪತ್ತೈದರ ಅಜ್ಜಿ ಒಂದೇ ದೀಪದ ಕೆಳಗೆ. ಹಳೇ ಮೈಸೂರಿನ ಕಡೆ ಡಿಸೆಂಬರ್, ಜನವರಿಯ ಅವರೆ ಕಾಲದಲ್ಲಿ ಇದರದೇ ಒಂದು ಸಣ್ಣ ರೂಪವಿದೆ. ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿದುಕಿ ಬೇಳೆ ತೆಗೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಮನೆಮಂದಿಯೆಲ್ಲ ಪಾತ್ರೆಯ ಸುತ್ತ ಕೂರಲೇಬೇಕು. ಎಲ್ಲರಿಗಿಂತ ಬೇಗ ಬೇಳೆ ಹಾರಿಸುವ ಬೆರಳು ಮನೆಯ ಅತ್ಯಂತ ಹಿರಿಯ ಹೆಂಗಸಿನದೇ ಆಗಿರುತ್ತದೆ.

ಇಂಥ ಕೆಲಸಗಳಲ್ಲಿ ಕೈಗೆ ಬಿಡುವಿಲ್ಲ, ನಾಲಿಗೆಗೆ ಪೂರ್ತಿ ಬಿಡುವು. ಕಣ್ಣು ಕೈಯ ಮೇಲಿರುವುದರಿಂದ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಮುಖ ನೋಡದೆ ಆಡುವ ಮಾತಿಗೆ ಒಂದು ಸಲಿಗೆ ಬರುತ್ತದೆ. ಎದುರುಬದುರು ಕುರ್ಚಿ ಹಾಕಿಕೊಂಡು, “ಅಜ್ಜಿ, ನಿಮ್ಮ ಕಾಲದ ಕಥೆ ಹೇಳಿ” ಎಂದರೆ ಅಜ್ಜಿ ತಡವರಿಸುತ್ತಾರೆ. ಕಾಳು ಹಿದುಕುವಾಗ, ಯಾರೂ ಕೇಳದೆಯೇ, ತಾವು ಮದುವೆಯಾಗಿ ಬಂದ ಮೊದಲ ವರ್ಷ ಅತ್ತೆಗೆ ಹೆದರಿ ಅಟ್ಟದಲ್ಲಿ ಅಡಗಿದ್ದನ್ನು ಹೇಳಿಬಿಡುತ್ತಾರೆ. ಮೌನವಾದರೂ ಅದು ಯಾರಿಗೂ ಭಾರವಲ್ಲ. ಕೆಲಸ ನಡೆಯುತ್ತಿರುತ್ತದಲ್ಲ.

ಹಳೆಯ ಕೂಟಗಳನ್ನು ಹೊಗಳಿ ಮುಗಿಸುವುದು ನನ್ನ ಉದ್ದೇಶವಲ್ಲ. ಅಡಿಕೆ ಸುಲಿಯುವವರಿಗೆ ಅದು ಕೂಲಿ, ಬೆನ್ನುನೋವು, ಎಷ್ಟು ತೊಳೆದರೂ ಹೋಗದ ಬೆರಳಿನ ಕಪ್ಪು. ಸುಲಿಯುವ ಯಂತ್ರ ಬಂದದ್ದರಿಂದ ಎಷ್ಟೋ ಜನ ರಾತ್ರಿ ನೆಮ್ಮದಿಯಾಗಿ ಮಲಗುವಂತಾಯಿತು. ಅದು ಆಗಬೇಕಾದದ್ದೇ. ನಾನು ಹೇಳುವುದಿಷ್ಟೆ: ಆ ಕೆಲಸದ ಜೊತೆಗೇ ಇದ್ದ ಒಂದು ಒಡನಾಟ ಯಾರ ಗಮನಕ್ಕೂ ಬಾರದೆ ಹೋಯಿತು. ಯಂತ್ರದ ಲೆಕ್ಕದಲ್ಲಿ ಅದು ಬರುವಂಥದ್ದಲ್ಲ.

ಈಗಿನ ದಿನಚರಿಯಲ್ಲಿ ವಯಸ್ಸುಗಳನ್ನು ಬೇರೆಬೇರೆಯಾಗಿ ವಿಂಗಡಿಸಿ ಇಟ್ಟಿದ್ದೇವೆ. ಮಕ್ಕಳು ಹುಟ್ಟಿದ ಇಸವಿಯ ಪ್ರಕಾರ ತರಗತಿಗಳಲ್ಲಿ. ದುಡಿಯುವವರು ಹೆಚ್ಚುಕಡಿಮೆ ತಮ್ಮ ಓರಗೆಯವರ ನಡುವೆ. ಬೆಂಗಳೂರಿನಲ್ಲಿ ನಲವತ್ತು ದಾಟಿದವರೇ ತಂಡದ ಹಿರಿಯರೆನಿಸುವ ಕಚೇರಿಗಳಿವೆ. ಅರವತ್ತರ ಮೇಲಿನವರು ಪಾರ್ಕಿನ ಕಲ್ಲುಬೆಂಚಿನ ಮೇಲೆ. ಈ ಗೆರೆಯನ್ನು ಎಳೆದದ್ದು ಪ್ರಕೃತಿಯಲ್ಲ, ಆಡಳಿತ. ಜರ್ಮನಿಯಲ್ಲಿ ಬಿಸ್ಮಾರ್ಕ್ 1889ರಲ್ಲಿ ವೃದ್ಧಾಪ್ಯ ವಿಮೆಯ ಕಾನೂನು ತಂದಾಗ ವಯಸ್ಸು 70 ಎಂದಿತ್ತು. 1916ರಲ್ಲಿ ಅದು 65 ಆಯಿತು. ನಮ್ಮ ಕೇಂದ್ರ ಸರ್ಕಾರ 1998ರಲ್ಲಿ ನೌಕರರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು, ಕರ್ನಾಟಕ ಸರ್ಕಾರ 2008ರಲ್ಲಿ. ಅತ್ತ ಐದು ವರ್ಷ, ಇತ್ತ ಎರಡು ವರ್ಷ ಸರಿಸಬಹುದಾದ ಗೆರೆ ಅದು. ಆದರೂ ಒಬ್ಬರ ಬದುಕಿನಲ್ಲಿ ಅದು ತಿಂಗಳ ಕೊನೆಯ ದಿನ ಸಂಜೆ ಐದೂವರೆಗೆ ಮುಚ್ಚುವ ಬಾಗಿಲಾಗಿಬಿಡುತ್ತದೆ. 60 ತಲುಪಿದ ಭಾರತೀಯರಿಗೆ ಸರಾಸರಿ ಇನ್ನೂ 18 ವರ್ಷದಷ್ಟು ಆಯುಸ್ಸು ಇರುತ್ತದೆ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ 60 ದಾಟಿದವರು ಸುಮಾರು 58 ಲಕ್ಷ ಮಂದಿ ಇದ್ದರು. ಇಷ್ಟು ಜನರನ್ನು, ಇಷ್ಟು ವರ್ಷಗಳ ಕಾಲ, ಉಳಿದವರ ಹಗಲಿನಿಂದ ಹೊರಗಿಡುವುದು ಸಣ್ಣ ಏರ್ಪಾಡಲ್ಲ.

ಇದರಿಂದ ಹಿರಿಯರಿಗೆ ಒಂಟಿತನ ಬಂದಿದೆ ಎನ್ನುವುದನ್ನು ಎಲ್ಲರೂ ಒಪ್ಪುತ್ತಾರೆ. ಕಿರಿಯರ ಒಂಟಿತನದ ಮಾತು ಬರುವುದು ಕಡಿಮೆ. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ 2023ರಲ್ಲಿ ಒಂಟಿತನದ ಬಗ್ಗೆ ಒಂದು ಎಚ್ಚರಿಕೆಯ ವರದಿ ಹೊರಡಿಸಿದರು. ಜನಸಂಪರ್ಕವಿಲ್ಲದ ಬದುಕು ದಿನಕ್ಕೆ ಹದಿನೈದು ಸಿಗರೇಟು ಸೇದುವುದರಷ್ಟು ಆಯುಸ್ಸಿಗೆ ಅಪಾಯಕಾರಿ ಎಂಬ ಹೋಲಿಕೆಯಿಂದ ಅದು ಪ್ರಸಿದ್ಧವಾಯಿತು. ಒಂಟಿತನ ಯುವಜನರಲ್ಲಿ ಹೆಚ್ಚು ಎಂಬುದನ್ನೂ ಅದೇ ವರದಿ ಹೇಳಿತ್ತು. ಅದು ಅಮೆರಿಕದ ಸಂಗತಿ ನಿಜ. ಆದರೆ ಪೀಜಿಯ ಒಂದು ಮಂಚ, ಕಚೇರಿಯ ಒಂದು ಮೇಜು, ನಡುವೆ ಎರಡು ಗಂಟೆಯ ಪ್ರಯಾಣ ಇಷ್ಟರಲ್ಲೇ ವಾರ ಕಳೆಯುವ ನಮ್ಮ ಹುಡುಗ ಹುಡುಗಿಯರನ್ನು ಕಂಡವರಿಗೆ ಇದು ದೂರದ ಸುದ್ದಿ ಅನ್ನಿಸುವುದಿಲ್ಲ. ಆದ್ದರಿಂದ ಹಿರಿಯರ ಜೊತೆ ಕೂರುವುದನ್ನು ಅವರಿಗೆ ಮಾಡುವ ಉಪಕಾರವೆಂದು ನೋಡುವುದು ತಪ್ಪು. ಅಗತ್ಯ ಎರಡೂ ಕಡೆ ಇದೆ.

ನಾನು ಮೈಸೂರಿನಲ್ಲಿ ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವ ಕೆಲಸ ಮಾಡುತ್ತೇನೆ. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಭೂಮಾಪನ ಇಲಾಖೆಯಲ್ಲಿ ದುಡಿದು, ಆಗಿನ ನಿಯಮದಂತೆ 58ಕ್ಕೇ ನಿವೃತ್ತರಾದವರು. ಈಗ ಎಂಬತ್ತು ದಾಟಿದೆ. ಬೀದಿಗೆಲ್ಲ ಅವರು ಸರ್ವೇಯರ್ ಸಾಹೇಬರು. ಹೆಚ್ಚಿನ ದಿನ ಹತ್ತೂವರೆಯ ಸುಮಾರಿಗೆ, ಬಿಸಿಲು ಏರುವ ಮುಂಚೆ, ಗೇಟಿನ ಚಿಲಕ ಸರಿಸಿ ಒಳಗೆ ಬರುತ್ತಾರೆ. “ಏನಪ್ಪಾ, ಇನ್ನೂ ಮುಗೀಲಿಲ್ವಾ?” ಎಂಬುದು ಅವರ ಕುಶಲಪ್ರಶ್ನೆ. “ಬನ್ನಿ ಸಾರ್, ಇದು ಮುಗಿಯೋದಲ್ಲ” ಎಂಬುದು ನನ್ನ ಉತ್ತರ. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಪೇಪರ್ ಬಿಡಿಸುತ್ತಾರೆ. ನಾನು ತಿದ್ದುತ್ತಿರುತ್ತೇನೆ. ಹನ್ನೊಂದರ ಕಾಫಿಯವರೆಗೆ ಇಬ್ಬರೂ ಆಡುವ ಮಾತು ಬಹಳ ಕಡಿಮೆ. ಮರಣವಾರ್ತೆಯ ಪುಟದಲ್ಲಿ ಪರಿಚಿತರ ಹೆಸರು ಕಂಡರೆ ಒಂದು ಉಸಿರು ಕೇಳಿಸುತ್ತದೆ. ಅಷ್ಟೆ. ಅವರು ಬರದ ದಿನ ನನ್ನ ಕೆಲಸ ಹೆಚ್ಚು ಸಾಗಬೇಕು, ಹೊತ್ತು ಉಳಿಯುತ್ತದಲ್ಲ. ಹಾಗೆ ಆಗುವುದಿಲ್ಲ. ಮೂರು ಸಲ ಎದ್ದು ಅಡುಗೆಮನೆಗೆ ಹೋಗಿಬರುತ್ತೇನೆ, ಮೊಬೈಲ್ ತೆಗೆಯುತ್ತೇನೆ, ಇದ್ದ ವಾಕ್ಯವನ್ನೇ ಮತ್ತೆ ಓದುತ್ತೇನೆ. ಪಕ್ಕದಲ್ಲೊಬ್ಬರು ಅವಸರವಿಲ್ಲದೆ ಕೂತಿದ್ದರೆ ನಮ್ಮ ಮನಸ್ಸೂ ಕೂರುತ್ತದೆ.

ಕಾಫಿಯ ಹೊತ್ತಿಗೆ ಮಾತು. ಅವರ ವೃತ್ತಿಯ ಸರಪಳಿ 33 ಅಡಿ ಉದ್ದದ್ದು, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. 40 ಗುಂಟೆಗೆ ಎಕರೆ. ಇದನ್ನೆಲ್ಲ ಅವರು ನನಗೆ ಪಾಠವಾಗಿ ಹೇಳಿದವರಲ್ಲ. ಸರಪಳಿಯ ಕೊಂಡಿಗಳು ಎಳೆದು ಎಳೆದು ಸಡಿಲವಾಗುತ್ತಿದ್ದವು, ಬಿಸಿಲಿಗೆ ಕಬ್ಬಿಣ ಹಿಗ್ಗುತ್ತಿತ್ತು, ಅದಕ್ಕೇ ಕೆಲಸಕ್ಕೆ ಮುಂಚೆ ಸರಪಳಿಯನ್ನೇ ಅಳೆದು ನೋಡಬೇಕಾಗಿತ್ತು ಎಂದು ಒಂದು ದಿನ ಮಾತಿನ ನಡುವೆ ಬಂತು. ಪಾಲಿಗೆ ಬಿದ್ದ ಅಣ್ಣತಮ್ಮಂದಿರ ಜಮೀನಿಗೆ ಹದ್ದುಬಸ್ತು ಮಾಡಲು ಹೋದಾಗ, ಒಬ್ಬರ ಮುಖ ಒಬ್ಬರು ನೋಡದ ಆ ಇಬ್ಬರೂ ಬೇರೆಬೇರೆ ಚೊಂಬಿನಲ್ಲಿ ಮಜ್ಜಿಗೆ ತಂದುಕೊಟ್ಟದ್ದು ಇನ್ನೊಂದು ದಿನ. “ಎರಡನ್ನೂ ಕುಡೀಬೇಕಾಗಿತ್ತು. ಒಂದನ್ನ ಬಿಟ್ಟರೆ ಬಾಂದುಕಲ್ಲು ಅತ್ತಗೆ ಸರಿದ ಹಾಗೆ ಅವರಿಗೆ” ಎಂದರು. ಪಹಣಿ ಕೈಬರಹದಿಂದ ಕಂಪ್ಯೂಟರಿಗೆ ಹೋದ ‘ಭೂಮಿ’ ಯೋಜನೆಯ ಶುರುವನ್ನೂ ಕಂಡು ನಿವೃತ್ತರಾದ ಅವರಿಗೆ ಹಳೆಯದರ ಮೇಲೆ ಮೋಹವೂ ಇಲ್ಲ, ಹೊಸದರ ಮೇಲೆ ಸಿಟ್ಟೂ ಇಲ್ಲ.

ಇದರಲ್ಲಿ ಸುಖ ಎಲ್ಲಿದೆ ಎಂದು ನಾನು ಬಹಳ ಯೋಚಿಸಿದ್ದೇನೆ. ಕಥೆಗಳಲ್ಲಿ ಇದೆ ಎನ್ನುವುದು ಅರ್ಧ ಉತ್ತರ. ಉಳಿದರ್ಧ ಇದು: ಅವರು ನನ್ನೊಡನೆ ಯಾವ ಓಟದಲ್ಲೂ ಇಲ್ಲ. ನಮ್ಮ ಓರಗೆಯವರ ಜೊತೆ ಎಷ್ಟೇ ಸ್ನೇಹವಿದ್ದರೂ ಒಳಗೊಂದು ಅಳತೆಗೋಲು ಅಲುಗಾಡುತ್ತಲೇ ಇರುತ್ತದೆ. ಯಾರಿಗೆ ಬಡ್ತಿಯಾಯಿತು, ಯಾರು ಮನೆ ಕಟ್ಟಿದರು, ಯಾರ ಮಗ ಯಾವ ಕಾಲೇಜು. ವಯಸ್ಸಾದವರ ಮುಂದೆ ಆ ಕೋಲು ತಾನಾಗಿ ಕೆಳಗಿಳಿಯುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬಹುದು, ಸೋತದ್ದನ್ನು ಸೋತೆ ಎನ್ನಬಹುದು. ಅವರಿಗೂ ನನ್ನಿಂದ ಆಗಬೇಕಾದದ್ದು ಏನೂ ಇಲ್ಲ. ಅಪ್ಪ ಮಗನ ನಡುವೆ ಇರುವ ನಿರೀಕ್ಷೆಯ ಒತ್ತಡ, ಆಸ್ತಿಯ ನೆರಳು, ಹಳೆಯ ಮುನಿಸು ಯಾವುದೂ ನಮ್ಮ ನಡುವೆ ಇಲ್ಲ. ರಕ್ತಸಂಬಂಧದ ಆಚೆ ಇರುವ ಹಿರಿಯರೊಬ್ಬರು ಪ್ರತಿಯೊಬ್ಬ ದುಡಿಯುವ ಮನುಷ್ಯನಿಗೂ ಬೇಕು ಎನ್ನುವುದು ಇದಕ್ಕೇ. ನಮ್ಮ ಮನೆಯ ಹಿರಿಯರಿಗೆ ನಾವು ಮಕ್ಕಳು. ಬೇರೆ ಮನೆಯ ಹಿರಿಯರಿಗೆ ನಾವು ಬರೀ ಮನುಷ್ಯರು.

ಕನ್ನಡದ ಸಾಹಿತ್ಯ ಜೀವನವೇ ಇಂಥ ಒಡನಾಟಕ್ಕೆ ಎಷ್ಟು ಋಣಿ ಎಂಬುದನ್ನು ನೆನೆಯಬೇಕು. ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳಲ್ಲಿ ದಿವಾನರಿಂದ ಹಿಡಿದು ವೈದಿಕರು, ಸಂಗೀತಗಾರರು, ಊರಿನ ಸಾಮಾನ್ಯರವರೆಗೆ ಎಷ್ಟೋ ಮಂದಿ ಮಾತಾಡುತ್ತ ಓಡಾಡುತ್ತಾರೆ. ಪತ್ರಿಕೋದ್ಯಮದ ದುಡಿಮೆಯಲ್ಲಿದ್ದ ಒಬ್ಬ ತರುಣ ತನಗಿಂತ ಹಿರಿಯರಾದವರ ಹತ್ತಿರ ಹೊತ್ತು ಕಳೆದಿರದಿದ್ದರೆ ಆ ಚಿತ್ರಗಳಲ್ಲಿ ಎಷ್ಟೋ ನಮಗೆ ಸಿಗುತ್ತಿರಲಿಲ್ಲ. ಅವರೇ 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದಾಗ ವಯಸ್ಸು 58ರ ಹತ್ತಿರ. ಆಮೇಲೆ 1975ರಲ್ಲಿ ತೀರಿಕೊಳ್ಳುವವರೆಗೆ ಆ ಸಂಸ್ಥೆಯಲ್ಲಿ ಕಿರಿಯರ ಜೊತೆ ಕೂತು ಓದಿದರು. ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಆರಂಭಿಸಿದ್ದು 1991ರಲ್ಲಿ, ಹುಟ್ಟಿದ್ದು 1913ರಲ್ಲಿ ಎಂದು ಲೆಕ್ಕ ಹಾಕಿದರೆ, ಎಂಬತ್ತರ ಹತ್ತಿರದಲ್ಲಿ. ಓದುಗರು ಒಂದೊಂದು ಪದ ಹಿಡಿದು ಪ್ರಶ್ನೆ ಬರೆಯುತ್ತಿದ್ದರು, ಅವರು ಉತ್ತರಿಸುತ್ತಿದ್ದರು. ಸಾವಿರಾರು ಜನ ಬೆಳಗಿನ ಕಾಫಿಯ ಜೊತೆ ಹಿರಿಯರೊಬ್ಬರ ಒಡನಾಟವನ್ನು ಅನುಭವಿಸಿದ ಬಗೆ ಅದು.

ಹಿರಿಯರು ಹೇಳಿದ್ದನ್ನೇ ಹೇಳುತ್ತಾರೆ ಎಂಬ ದೂರು ಇದೆ. ನಿಜ, ಹೇಳುತ್ತಾರೆ. ಮನಶ್ಶಾಸ್ತ್ರಜ್ಞರು ಬಹುಕಾಲದಿಂದ ಗುರುತಿಸಿರುವ ಸಂಗತಿಯೊಂದಿದೆ: ವಯಸ್ಸಾದವರನ್ನು ಬದುಕಿನ ನೆನಪುಗಳನ್ನು ಹೇಳಿ ಎಂದರೆ, ತೀರ ಇತ್ತೀಚಿನದನ್ನು ಬಿಟ್ಟು, ಸುಮಾರು ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ನೆನಪುಗಳೇ ಹೆಚ್ಚಾಗಿ ಬರುತ್ತವೆ. ಮೊದಲ ಕೆಲಸ, ಮೊದಲ ಊರು, ಮದುವೆ, ಮೊದಲ ದೊಡ್ಡ ಸೋಲು ಎಲ್ಲವೂ ಆ ವರ್ಷಗಳವು. ಇದನ್ನು ತಿಳಿದಮೇಲೆ ನಾನು ಅವರ ಕಥೆಗಳನ್ನು ಕೇಳುವ ಕಿವಿಯೇ ಬದಲಾಯಿತು. ಎಂಬತ್ತರ ಹಿರಿಯರು ಹೇಳುತ್ತಿರುವುದು ಎಂಬತ್ತರ ಕಥೆಯಲ್ಲ, ಇಪ್ಪತ್ತೆರಡರ ಕಥೆ. ಕೇಳುವ ಹುಡುಗನಿಗೆ ಇಪ್ಪತ್ತೈದು. ಆ ಕಥೆಯೊಳಗೆ ಹುಡುಗನೇ ದೊಡ್ಡವನು. ಯಾವುದೋ ತಾಲ್ಲೂಕಿನ ಬಸ್ ನಿಲ್ದಾಣದಲ್ಲಿ ಟ್ರಂಕು ಹಿಡಿದು, ಜೇಬಿನಲ್ಲಿ ನೇಮಕದ ಆದೇಶ ಇಟ್ಟುಕೊಂಡು, ರಾತ್ರಿ ಎಲ್ಲಿ ಮಲಗುವುದೆಂದು ತಿಳಿಯದೆ ನಿಂತ ಆ ಯುವಕನ ಹೆದರಿಕೆ ಈಗ ಹೊಸ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿಳಿಯುವ ಹುಡುಗನದೇ. ಇನ್ನು ಪುನರಾವರ್ತನೆ: ಐದನೆಯ ಸಲ ಕೇಳುವಾಗ ಮೊದಲು ಇಲ್ಲದ ಒಂದು ವಿವರ ಬಂದು ಸೇರುತ್ತದೆ. ಮಜ್ಜಿಗೆಯ ಕಥೆಯನ್ನು ಮೂರನೆಯ ಸಲ ಹೇಳಿದಾಗ, ಆ ಅಣ್ಣತಮ್ಮಂದಿರ ತಾಯಿ ಹಿತ್ತಲ ಬಾಗಿಲಲ್ಲಿ ನಿಂತು ಎರಡೂ ಚೊಂಬುಗಳನ್ನು ತಾನೇ ತುಂಬಿಸಿದ್ದಳು ಎಂಬುದು ಬಂತು. ಮೊದಲ ಸಲವೇ ಸಾಕೆಂದು ಎದ್ದುಹೋಗಿದ್ದರೆ ಆ ತಾಯಿಯನ್ನು ನಾನು ಕಾಣುತ್ತಲೇ ಇರಲಿಲ್ಲ.

2020ರ ಲಾಕ್‌ಡೌನ್ ನಮಗೆ ಒಂದು ಅವಕಾಶ ಕೊಟ್ಟಿತ್ತು. ಕಚೇರಿಯ ಕೆಲಸ ಮನೆಗೆ ಬಂತು. ಎಷ್ಟೋ ಯುವಕ ಯುವತಿಯರು ಹಾಸನ, ಶಿರಸಿ, ಕೊಪ್ಪಳ, ಕುಂದಾಪುರಗಳ ತಮ್ಮ ಮನೆಗಳಿಗೆ ಲ್ಯಾಪ್‌ಟಾಪ್ ಹಿಡಿದು ಹಿಂದಿರುಗಿದರು. ಹಗಲು ಹೊತ್ತು ಅಜ್ಜ, ಅಜ್ಜಿ, ಅಪ್ಪ, ಅಮ್ಮ ಎಲ್ಲರೂ ಒಂದೇ ಸೂರಿನಡಿ. ಆದರೆ ಹೆಚ್ಚಿನ ಮನೆಗಳಲ್ಲಿ ನಡೆದದ್ದು ಕೋಣೆಯ ಬಾಗಿಲು ಹಾಕಿಕೊಳ್ಳುವುದು. ‘ಮೀಟಿಂಗ್‌ನಲ್ಲಿದ್ದೀನಿ’ ಎಂಬ ಮಾತು ಆ ಎರಡು ವರ್ಷ ಹಿರಿಯರು ಅತಿ ಹೆಚ್ಚು ಕೇಳಿಸಿಕೊಂಡ ಮಾತಿರಬಹುದು. ಇದಕ್ಕೆ ಕಿರಿಯರನ್ನು ದೂರುವುದಕ್ಕಿಂತ ಕೆಲಸದ ಸ್ವರೂಪವನ್ನು ನೋಡಬೇಕು. ಅವರೆ ಹಿದುಕುವವರ ನಾಲಿಗೆಗೆ ಬಿಡುವಿತ್ತು. ಪರದೆಯ ಕೆಲಸ ಕಣ್ಣು, ಕಿವಿ, ನಾಲಿಗೆ ಎಲ್ಲವನ್ನೂ ಹಿಡಿದಿಡುತ್ತದೆ. ಅಂಥ ಕೆಲಸದ ಜೊತೆ ಹೊಂದುವ ಒಡನಾಟ ಮಾತಿನದಾಗಿರಲಾರದು, ಪಕ್ಕದಲ್ಲಿರುವಿಕೆಯದಾಗಿರಬೇಕು. ಕರೆ ಇಲ್ಲದ ಹೊತ್ತು ಬಾಗಿಲು ತೆರೆದಿರಬೇಕು, ಇನ್ನೊಂದು ಕುರ್ಚಿ ಇರಬೇಕು, ಕಾಫಿಯ ಹೊತ್ತು ನಿಗದಿಯಾಗಿರಬೇಕು. ಇಷ್ಟನ್ನು ಮಾಡಿಕೊಂಡ ಮನೆಗಳೂ ಇದ್ದವು.

ಈಗ ಈ ವಾದಕ್ಕೆ ಎದುರಾಗುವ ಅತ್ಯಂತ ಗಟ್ಟಿಯಾದ ಆಕ್ಷೇಪಕ್ಕೆ ಬರುತ್ತೇನೆ. ಹಿರಿಯರ ಒಡನಾಟ ಸುಖ ಎಂದು ಬರೆಯುವವರು ಸಾಮಾನ್ಯವಾಗಿ ಗಂಡಸರು. ಅದೇ ಹಿರಿಯರ ಹಾಸಿಗೆ ಬದಲಿಸುವವರು, ಮಾತ್ರೆಯ ಡಬ್ಬಿ ತುಂಬಿಸುವವರು, ಉಪ್ಪಿಲ್ಲದ ಸಾರನ್ನು ಬೇರೆಯಾಗಿ ಮಾಡುವವರು ಹೆಂಗಸರು. ಮಗ ಸಂಜೆ ಬಂದು ಅರ್ಧ ಗಂಟೆ ತಾಯಿಯ ಪಕ್ಕ ಕೂತು ನಕ್ಕು ಎದ್ದರೆ ‘ಎಂಥ ಮಗ’ ಎನ್ನುತ್ತಾರೆ. ಹಗಲೆಲ್ಲ ಅತ್ತೆಯ ಹಿಂದೆಮುಂದೆ ಓಡಾಡಿದ ಸೊಸೆಗೆ ಕೂರುವ ಆ ಅರ್ಧ ಗಂಟೆಯೇ ಸಿಕ್ಕಿರುವುದಿಲ್ಲ. ಒಬ್ಬರ ಒಡನಾಟದ ಸುಖ ಇನ್ನೊಬ್ಬರ ದುಡಿಮೆಯ ಮೇಲೆ ನಿಂತಿದ್ದರೆ ಅದು ನ್ಯಾಯವಲ್ಲ, ಹೆಚ್ಚು ದಿನ ನಿಲ್ಲುವುದೂ ಇಲ್ಲ. ನನ್ನ ಮನೆಯಲ್ಲಿ ಹನ್ನೊಂದರ ಕಾಫಿ ಮಾಡುವುದು ನಾನೇ. ಅದು ನನ್ನ ಅತಿಥಿಗೆ ನಾನು ಮಾಡಬೇಕಾದದ್ದು. ಅತ್ತೆ ಸೊಸೆಯರ ನಡುವಿನ ಕಹಿಯನ್ನು ನಾವು ಸ್ವಭಾವದ ದೋಷವೆಂದು ಹೇಳುತ್ತ ಬಂದಿದ್ದೇವೆ. ಅದರಲ್ಲಿ ದೊಡ್ಡ ಪಾಲು ಹಂಚಿಕೆಯಾಗದ ಕೆಲಸದ್ದು. ಆರೈಕೆಯ ಹೊರೆ ಗಂಡಸರಿಗೂ, ಸಾಧ್ಯವಿದ್ದಲ್ಲಿ ಸಂಬಳದ ಸಹಾಯಕರಿಗೂ ಹಂಚಿಹೋದ ಮನೆಗಳಲ್ಲಿ ಅತ್ತೆ ಸೊಸೆಯರು ಒಟ್ಟಿಗೆ ಕೂತು ನಗುವುದನ್ನು ನಾನು ಕಂಡಿದ್ದೇನೆ. ಹೊರೆ ಇಳಿದಮೇಲಷ್ಟೇ ಆ ನಗು.

ಇನ್ನೊಂದು ಆಕ್ಷೇಪವೂ ಇದೆ. ಹಿರಿಯರೆಲ್ಲ ಮಧುರವಾಗಿ ಮಾತಾಡುವುದಿಲ್ಲ. ಜಾತಿಯ ಮಾತು ಬರುತ್ತದೆ, ಹೆಣ್ಣುಮಕ್ಕಳ ಉಡುಪಿನ ಬಗ್ಗೆ ಮಾತು ಬರುತ್ತದೆ. ಅದನ್ನು ವಯಸ್ಸಿನ ಹೆಸರಿನಲ್ಲಿ ನುಂಗಿಕೊಳ್ಳಬೇಕಾಗಿಲ್ಲ. ಗೌರವ ಕೆಡದಂತೆ ಅಲ್ಲ ಎನ್ನಬಹುದು, ಎನ್ನಬೇಕು. ನನಗೆ ಕಂಡಂತೆ ಇದಕ್ಕೆ ಒಳ್ಳೆಯ ಮದ್ದು ಒಬ್ಬ ಹಿರಿಯರನ್ನು ಬಿಡುವುದಲ್ಲ, ಇನ್ನೊಬ್ಬ ಹಿರಿಯರನ್ನು ಸೇರಿಸಿಕೊಳ್ಳುವುದು. ಒಂದು ಉದಾಹರಣೆ: ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಟ್ಟರು, ಭೂ ನ್ಯಾಯ ಮಂಡಳಿಗಳು ವಿಚಾರಣೆ ನಡೆಸಿದವು. ಜಮೀನು ಕಳೆದುಕೊಂಡ ಮನೆಯ ಅಜ್ಜನಿಗೆ ಅದು ಅನ್ಯಾಯದ ಕಥೆ. ಗೇಣಿ ಅಳೆದು ಅಳೆದು ಹೊಟ್ಟೆಗಿಲ್ಲದೆ ಇದ್ದ ಮನೆಯ ಅಜ್ಜನಿಗೆ ಅದು ಮೊದಲ ಸಲ ತಲೆಯೆತ್ತಿ ನಡೆದ ದಿನದ ಕಥೆ. ನಮ್ಮ ಸರ್ವೇಯರ್ ಸಾಹೇಬರು ಆಗ ಮೂವತ್ತರ ಹತ್ತಿರದವರು, ಎರಡೂ ಮನೆಗಳ ಜಗಲಿಯಲ್ಲಿ ಕೂತವರು. ತನ್ನ ಮನೆಯ ಅಜ್ಜನ ಮಾತನ್ನಷ್ಟೇ ಕೇಳಿ ಬೆಳೆದ ಹುಡುಗನಿಗೆ ಒಂದೇ ಕಥೆ ಗೊತ್ತಿರುತ್ತದೆ. ಮನೆಯ ಹಿರಿಯರನ್ನು ನಾವು ಆರಿಸಿಕೊಳ್ಳುವುದಿಲ್ಲ. ಕೆಲಸದ ಜಾಗ, ಬೀದಿ, ಅಂಗಡಿ, ಬಸ್ಸು ಇಲ್ಲೆಲ್ಲ ಬೇರೆ ಜಾತಿಯ, ಬೇರೆ ಧರ್ಮದ, ಬೇರೆ ಬದುಕಿನ ಹಿರಿಯರು ಸಿಗುತ್ತಾರೆ. ನಾನು ಕೆಲಸದ ದಿನದ ಒಡನಾಟಕ್ಕೆ ಇಷ್ಟು ಒತ್ತು ಕೊಡಲು ಇದು ಮುಖ್ಯ ಕಾರಣ.

ಹಾಗೆ ಸಿಗುವ ಹಿರಿಯರಲ್ಲಿ ಅನೇಕರು ತಾವೂ ದುಡಿಯುತ್ತಿರುವವರು. ನಿವೃತ್ತಿ, ಪಿಂಚಣಿ ಎಂಬುದು ಸರ್ಕಾರಿ ಮತ್ತು ಸಂಘಟಿತ ವಲಯದ ಕೆಲವೇ ಮಂದಿಯ ಭಾಗ್ಯ. ಮೂಲೆಯ ಇಸ್ತ್ರಿ ಗಾಡಿಯವರು, ದೇವಸ್ಥಾನದ ಮುಂದೆ ಹೂ ಕಟ್ಟುವ ಅಜ್ಜಿ, ಅಪಾರ್ಟ್‌ಮೆಂಟಿನ ರಾತ್ರಿ ಪಾಳಿಯ ಕಾವಲುಗಾರರು ಎಪ್ಪತ್ತರಲ್ಲೂ ಕೆಲಸದಲ್ಲಿದ್ದಾರೆ. ಇವರ ಜೊತೆ ಮಾತಾಡುವುದು ನನಗೆ ಇಷ್ಟ. ಆದರೆ ಅವರು ಅಲ್ಲಿರುವುದು ನಮ್ಮ ಖುಷಿಗಲ್ಲ, ಬೇರೆ ದಾರಿಯಿಲ್ಲದ್ದಕ್ಕೆ. ಕರ್ನಾಟಕದಲ್ಲಿ 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಡಿ ಸಿಗುವ ಮಾಸಾಶನ 1,200 ರೂಪಾಯಿ. ಇಷ್ಟರಲ್ಲಿ ಒಂದು ತಿಂಗಳ ಅಕ್ಕಿ, ಮಾತ್ರೆ, ಬಾಡಿಗೆ ಆಗುವುದಿಲ್ಲ ಎಂದು ಗೊತ್ತಿದ್ದೂ ಹೂವಿನ ಅಜ್ಜಿಯ ನಗುವನ್ನು ಮಾತ್ರ ಮೆಚ್ಚುವುದು ಸರಿಯಲ್ಲ. ಚೌಕಾಸಿ ಮಾಡದೆ ಹೂ ಕೊಳ್ಳುವುದು, ಮಾಸಾಶನ ಏರಬೇಕೆಂದು ಕೇಳುವುದು ಆ ಒಡನಾಟದಲ್ಲೇ ಸೇರಿದ್ದು.

ಮಾಡಬಹುದಾದದ್ದು ಏನು? ನೆದರ್‌ಲ್ಯಾಂಡ್ಸ್‌ನ ಡೆವೆಂಟರ್ ಪಟ್ಟಣದಲ್ಲಿ ಹ್ಯುಮಾನಿಟಾಸ್ ಎಂಬ ವೃದ್ಧರ ವಸತಿಯಿದೆ. ಅಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಬಾಡಿಗೆಯಿಲ್ಲದೆ ಕೋಣೆ ಕೊಡುತ್ತಾರೆ. ಬದಲಿಗೆ ಅವರು ತಿಂಗಳಿಗೆ 30 ಗಂಟೆ ಅಲ್ಲಿನ ಹಿರಿಯರಿಗೆ ಒಳ್ಳೆಯ ನೆರೆಯವರಾಗಿರಬೇಕು. ಶುಶ್ರೂಷೆ ಮಾಡಬೇಕೆಂದಿಲ್ಲ, ನೆರೆಯವರಾಗಿದ್ದರೆ ಸಾಕು. ಕಾಲೇಜುಗಳ ಸುತ್ತ ಪೀಜಿಗಳು ತುಂಬಿ, ಅದೇ ಬಡಾವಣೆಗಳಲ್ಲಿ ದೊಡ್ಡ ಮನೆಗಳಲ್ಲಿ ಒಬ್ಬರೇ ಹಿರಿಯರು ಉಳಿದಿರುವ ಬೆಂಗಳೂರು, ಮೈಸೂರು, ಧಾರವಾಡಗಳಿಗೆ ಇದು ಸುಲಭವಾಗಿ ಒಗ್ಗುವ ಏರ್ಪಾಡು. ನಮ್ಮ ಗ್ರಂಥಾಲಯಗಳಲ್ಲಿ ಹಗಲು ಹೊತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕರೂ ಪೇಪರ್ ಓದುವ ಹಿರಿಯರೂ ಈಗಾಗಲೇ ಒಂದೇ ಸೂರಿನಡಿ ಇದ್ದಾರೆ. ಅವರ ನಡುವೆ ಒಂದು ಟೀ ಮೇಜು ಹಾಕಲು ದೊಡ್ಡ ಅನುದಾನ ಬೇಕಾಗಿಲ್ಲ.

ಕೆಲವು ಸಣ್ಣ ಸಂಗತಿಗಳೂ ಮುಖ್ಯ. ವಯಸ್ಸಾದಂತೆ ಮೊದಲು ಕಿವಿಗೆ ಕೇಳಿಸದಾಗುವುದು ಸಾಮಾನ್ಯವಾಗಿ ತೆಳುವಾದ, ಮೇಲಿನ ಸ್ಥಾಯಿಯ ಶಬ್ದಗಳು. ಕೂಗಿದರೆ ಕೇಳುವುದಿಲ್ಲ, ಎದುರಿಗೆ ಬೆಳಕಿನಲ್ಲಿ ಕೂತು ನಿಧಾನವಾಗಿ ಹೇಳಿದರೆ ಕೇಳುತ್ತದೆ. ಫ್ಯಾನಿನ ಸದ್ದು, ಟೀವಿಯ ಸದ್ದು ನಿಲ್ಲಿಸಬೇಕು. ಕುರ್ಚಿಗೆ ಕೈ ಇರಬೇಕು, ಏಳಲು ಆಸರೆ ಬೇಕು. ಶೌಚಾಲಯ ಹತ್ತಿರ ಇರಬೇಕು. ಎಷ್ಟೋ ಹಿರಿಯರು ಬೇರೆಯವರ ಮನೆಗೆ ಹೋಗದಿರಲು ಬಾಯಿಬಿಟ್ಟು ಹೇಳದ ಕಾರಣ ಅದೇ. ಬಂದವರನ್ನು ಏನಾದರೂ ಕೆಲಸಕ್ಕೆ ಹಚ್ಚುವುದೂ ತಪ್ಪಲ್ಲ. ನಮ್ಮ ಸರ್ವೇಯರ್ ಸಾಹೇಬರು ಈಗ ನನ್ನ ಕರಡುಗಳಲ್ಲಿ ಅಂಕಿಗಳನ್ನು ತಾಳೆ ನೋಡಿಕೊಡುತ್ತಾರೆ. ಅವರು ಹಿಡಿದ ತಪ್ಪು ಹುಸಿಯಾದದ್ದಿಲ್ಲ.

ಅಮೆರಿಕದ ಸಂಶೋಧಕಿ ಬೆಕಾ ಲೆವಿ ಮತ್ತು ಅವರ ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಪ್ಪನ್ನು ಒಳ್ಳೆಯ ಭಾವದಿಂದ ಕಂಡವರು ಹಾಗೆ ಕಾಣದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಭಾವ ಒಳ್ಳೆಯದಿದ್ದುದರಿಂದಲೇ ಆಯುಸ್ಸು ಹೆಚ್ಚಿತೆಂದು ಅಷ್ಟರಿಂದ ತೀರ್ಮಾನಿಸಲಾಗದು. ಆದರೆ ಮುಪ್ಪಿನ ಬಗ್ಗೆ ನಮ್ಮ ಮನಸ್ಸಿನಲ್ಲಿರುವ ಚಿತ್ರ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಆಸ್ಪತ್ರೆಯಲ್ಲಿ ಮಾತ್ರ ಹಿರಿಯರನ್ನು ಕಾಣುವವನಿಗೆ ಮುಪ್ಪು ಎಂದರೆ ರೋಗ. ಹಗಲು ಹೊತ್ತು, ಪೇಪರ್ ಓದುತ್ತ, ಬೆಲೆ ಏರಿದ್ದಕ್ಕೆ ಬಯ್ಯುತ್ತ, ಎರಡನೆಯ ಲೋಟ ಕಾಫಿ ಕೇಳುತ್ತ ಇರುವವರನ್ನು ಕಾಣುವವನಿಗೆ ಅದು ಬದುಕಿನ ಇನ್ನೊಂದು ಹೊತ್ತು.

ಈ ಲೇಖನ ಓದುತ್ತಿರುವವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನವರಿರಬಹುದು. ನಿಮ್ಮ ಕಚೇರಿಯಲ್ಲಿ ಈ ತಿಂಗಳು ಯಾರಾದರೂ ನಿವೃತ್ತರಾಗುತ್ತಿದ್ದರೆ, ಹಾರ ಹಾಕಿ ಬೀಳ್ಕೊಡುವಾಗ, ಬುಧವಾರ ಬೆಳಿಗ್ಗೆ ಬನ್ನಿ ಎಂದು ಕರೆಯಿರಿ. ಕರೆದಮೇಲೆ ಅವರು ಬಂದಾಗ ಕೂರಲು ಜಾಗ ಇರುವಂತೆ ನೋಡಿಕೊಳ್ಳಿ. ಮನೆಯಿಂದ ಕೆಲಸ ಮಾಡುವವರು ನಿಮ್ಮ ಬೀದಿಯ ಒಬ್ಬ ಹಿರಿಯರನ್ನು ಮುಂದಿನ ವಾರ ಹನ್ನೊಂದರ ಕಾಫಿಗೆ ಕರೆಯಿರಿ, ಕಾಫಿಯನ್ನು ನೀವೇ ಮಾಡಿ. ಹಿರಿಯರಾದ ಓದುಗರಿಗೂ ಒಂದು ಕೋರಿಕೆ: ಕರೆಯಲಿ ಎಂದು ಕಾಯಬೇಡಿ, ತೊಂದರೆಯಾಗುತ್ತದೋ ಎಂದು ಹಿಂಜರಿಯಬೇಡಿ. ಹತ್ತೂವರೆಗೆ ಬನ್ನಿ.